ಹುಲ್ಲು ಉಳಿಸಿಕೊಂಡ ಊರು

ಅಡಿಲೇಡ್ ಅಂದರೆ ನಮ್ಮ ಕಡೆ ಹುಡುಗರಿಗೆ ಕ್ರಿಕೆಟ್ ಮೈದಾನ. 2020ರ ಡಿಸೆಂಬರ್‌ನಲ್ಲಿ ಭಾರತ ಬರೀ 36 ರನ್ನಿಗೆ ಆಲೌಟ್ ಆಗಿದ್ದು ಅಲ್ಲೇ. ನಮ್ಮ ತಮ್ಮ ಆ ಊರಿನಲ್ಲಿ ನೌಕರಿಗೆ ಸೇರಿದ ಮೇಲೆ ಅವ್ವನನ್ನೂ ಮಕ್ಕಳನ್ನೂ ಕರಕೊಂಡು ಹತ್ತು ದಿನ ಹೋಗಿ ಬಂದೆವು. ಬೈಲಹೊಂಗಲಕ್ಕೆ ಮರಳಿದ ಮೇಲೆ ತಲೆಯಲ್ಲಿ ಉಳಿದಿದ್ದು ಮೈದಾನವಲ್ಲ, ಅದರ ಸುತ್ತಲಿನ ಹುಲ್ಲು.

ಅದು ಅವಸರವಿಲ್ಲದ ಊರು. ಸಂಜೆಯಾದರೆ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕುತ್ತವೆ. ನಡುಪೇಟೆಯಲ್ಲಿ ಟ್ರಾಮ್‌ಗೆ ಟಿಕೆಟ್ ಇಲ್ಲ. ಯಾವ ದಿಕ್ಕಿಗೆ ನಡೆದರೂ ಪೇಟೆ ಮುಗಿದಲ್ಲಿ ಗಿಡ, ಹುಲ್ಲು. "ಇಷ್ಟ ಹುಲ್ಲ ಐತಿ, ಒಂದ ಎಮ್ಮಿನೂ ಇಲ್ಲಲ್ಲೋ!" ಅಂತ ಅವ್ವ ಮರುಗಿದಳು.

ಇದು ಮಳೆಯಿಂದ ಬಂದ ಹಸಿರಲ್ಲ. ಆಸ್ಟ್ರೇಲಿಯಾದ ಅತಿ ಒಣ ರಾಜ್ಯದ ರಾಜಧಾನಿ ಅದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ.

ಕಾರಣ ಒಂದು ನಕಾಶೆ. 1837ರಲ್ಲಿ ಸರ್ವೇ ಅಧಿಕಾರಿ ಕರ್ನಲ್ ವಿಲಿಯಂ ಲೈಟ್ ಊರು ಗುರುತು ಹಾಕಿದಾಗ ಪೇಟೆಯ ಸುತ್ತಲೂ ಬಯಲು ಬಿಟ್ಟ. ಆಗ ನಮ್ಮ ಬೈಲಹೊಂಗಲದ ಕೋಟೆಯಲ್ಲಿ ರಾಣಿ ಚನ್ನಮ್ಮ ತೀರಿಕೊಂಡು ಎಂಟು ವರ್ಷವಾಗಿತ್ತು. ಆ ನೆಲ ಮೂಲದಲ್ಲಿ ಕೌರ್ನಾ ಜನರದ್ದು. ಅವರನ್ನು ಕೇಳಿ ಬರೆದ ನಕಾಶೆಯಲ್ಲ, ಅದನ್ನೂ ಹೇಳಬೇಕು. ಮುಂದೆ ರೈಲು ನಿಲ್ದಾಣ, ಆಸ್ಪತ್ರೆ, ಆ ಕ್ರಿಕೆಟ್ ಮೈದಾನವೂ ಅದೇ ಬಯಲಲ್ಲಿ ಎದ್ದವು. ಆದರೂ ಜನ ಬಿಡಲಿಲ್ಲ. ಇವತ್ತಿಗೂ ಸುಮಾರು 760 ಹೆಕ್ಟೇರ್ ಇದೆ. 2005ರಲ್ಲಿ ಆ ಬಯಲಿಗಾಗಿಯೇ ಒಂದು ಕಾಯ್ದೆ ಬಂತು.

ಅಂಥ ನಕಾಶೆ ನಮ್ಮ ಹಳ್ಳಿಗಳಿಗೂ ಇದೆ. ಅದರಲ್ಲಿ ಬಿಟ್ಟ ಬಯಲಿಗೆ ನಾವು ಗಾಯರಾಣ ಅನ್ನುತ್ತೇವೆ. ಕರ್ನಾಟಕದ ಕಂದಾಯ ನಿಯಮದ ಪ್ರಕಾರ 100 ದನಕ್ಕೆ 30 ಎಕರೆ ಗೋಮಾಳ ಇರಬೇಕು. ವರದಿಗೆ ಹೋದಲ್ಲಿ "ಗಾಯರಾಣ ಎಲ್ಲೈತ್ರಿ?" ಅಂತ ಕೇಳಿದರೆ ಹಿರಿಯರು ಕೈ ಮಾಡಿ ತೋರಿಸುತ್ತಾರೆ. ತೋರಿಸಿದ ಕಡೆ ಎಷ್ಟೋ ಸಲ ಕಬ್ಬು ನಿಂತಿರುತ್ತದೆ, ಇಲ್ಲವೇ ತಂತಿ ಬೇಲಿ. ಹೊಲ ಇದ್ದವರಿಗೆ ಇದು ದೊಡ್ಡ ಮಾತಲ್ಲ. ಹೊಲ ಇಲ್ಲದ ಮನೆಯವರು ಎರಡು ಆಡು ಸಾಕಲೂ ಮೇವು ಕೊಳ್ಳಬೇಕು.

ಟ್ರಾಮ್ ತರುವುದು ನಮ್ಮ ಕೈಯಲ್ಲಿಲ್ಲ. ಉತಾರ ತೆಗೆಸುವುದು ಕೈಯಲ್ಲಿದೆ. ನಿಮ್ಮೂರ ಗಾಯರಾಣದ ಸರ್ವೇ ನಂಬರ್ ಯಾವುದು ಅಂತ ತಲಾಠಿಯವರನ್ನು ಕೇಳಿ. ಆ ಜಾಗಕ್ಕೆ ಹೋಗಿ ಮೊಬೈಲಿನಲ್ಲಿ ಸರಕಾರದ ದಿಶಾಂಕ್ ಆ್ಯಪ್ ತೆರೆದರೆ, ಯಾವ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ಮುಂದಿನ ಗ್ರಾಮಸಭೆಗೆ ಆ ಉತಾರ ಕೈಯಲ್ಲಿ ಹಿಡಕೊಂಡೇ ಹೋಗಿ.