ಅಕ್ಕಲಕೋಟದ ಹಾದಿಯ ನೀಲಿ ಹೂವು

ಸೊಲ್ಲಾಪುರದಿಂದ ಕುಂಭಾರಿ, ವಳಸಂಗಗಳ ಮೇಲೆ ಹಾಯ್ದು ಅಕ್ಕಲಕೋಟವನ್ನು ಸೇರುವ ಹಾದಿ ಸುಮಾರು 40 ಕಿಲೋಮೀಟರಿನದು. ಸಂಕ್ರಾಂತಿಯ ಹೊತ್ತಿಗೆ, ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಯ ನಂದಿಧ್ವಜಗಳು ಹೊರಡುವ ದಿನಗಳಲ್ಲಿ, ಇಕ್ಕೆಲದ ಎರೆಹೊಲಗಳು ನೋಡತಕ್ಕಂತಿರುತ್ತವೆ. ಬಿಳಿಜೋಳ ತೆನೆ ಹಿರಿದಿರುತ್ತದೆ. ಕಡಲೆ ಕಾಯಿ ಕಟ್ಟುತ್ತಿರುತ್ತದೆ. ಕುಸುಬೆ ಮುಳ್ಳೇರಿ ನಿಂತಿರುತ್ತದೆ. ಇವುಗಳ ನಡುವೆ ಎಲ್ಲಿಯಾದರೂ ಒಂದೆರಡು ಸಾಲು ತೆಳುನೀಲಿ ಕಂಡರೆ ಅದು ಅಗಸೆ. ಬಸ್ಸಿನ ಕಿಟಕಿಯಿಂದ ಅದನ್ನು ಕಾಣಬೇಕಾದರೆ ಬೆಳಗಿನ ಬಸ್ಸನ್ನೇ ಹಿಡಿಯಬೇಕು.

ಏಕೆಂದರೆ ಅಗಸೆಯ ಹೂವಿಗೆ ಆಯುಷ್ಯ ಅಲ್ಪ. ಸೂರ್ಯೋದಯದೊಡನೆ ಅರಳುವ ಐದು ಎಸಳುಗಳು ಮಧ್ಯಾಹ್ನದೊಳಗೆ ಉದುರಿಬಿಡುತ್ತವೆ. ಮರುದಿನ ಅದೇ ಗಿಡದಲ್ಲಿ ಬೇರೆ ಮೊಗ್ಗುಗಳು ಅರಳುತ್ತವೆ. ಹೀಗೆ ಕೆಲವು ವಾರ ನಡೆಯುತ್ತದೆ. ಹತ್ತೂವರೆ ಹನ್ನೊಂದಕ್ಕೆ ಆರಂಭವಾಗುವ ಶಾಲೆಯ ಮಕ್ಕಳಿಗೆ ಅರಳಿದ ಹೂವಿಗಿಂತ ಉದುರಿದ ಎಸಳೇ ಹೆಚ್ಚು ಕಂಡೀತು. ಶನಿವಾರದ ಬೆಳಗಿನ ಶಾಲೆಯೊಂದೇ ಇದಕ್ಕೆ ಅಪವಾದ.

ಹೆಸರಿನ ವಿಷಯದಲ್ಲಿಯೂ ಮಕ್ಕಳಿಗೆ ತೊಡಕುಂಟು. ವೀಳ್ಯದೆಲೆಯ ಬಳ್ಳಿ ಹಬ್ಬಿಸುವ ಮರವೂ ಅಗಸೆಯೇ. ನಮ್ಮ ಊರುಗಳ ಹೆಬ್ಬಾಗಿಲೂ ಅಗಸಿಯೇ. ಮನೆಯಲ್ಲಿ ಅಗಸಿಯಾದುದು ಪೇಟೆಯಲ್ಲಿ ಜವಸವಾಗುತ್ತದೆ. ಸಸ್ಯಶಾಸ್ತ್ರಜ್ಞರು ಇದಕ್ಕಿಟ್ಟ ಹೆಸರು ಲೈನಮ್ ಯುಸಿಟಾಟಿಸಿಮಮ್. ಎರಡನೆಯ ಪದಕ್ಕೆ ‘ಅತ್ಯಂತ ಉಪಯುಕ್ತ’ ಎಂದರ್ಥ. ಆ ಮಾತು ಸುಳ್ಳಲ್ಲ. ಬೀಜದಲ್ಲಿ ನೂರಕ್ಕೆ ಸುಮಾರು 40 ಪಾಲು ಎಣ್ಣೆ. ಗಾಳಿಗೆ ಒಣಗಿ ಪೊರೆಗಟ್ಟುವ ಗುಣವಿರುವುದರಿಂದ ಅದು ಬಣ್ಣ, ವಾರ್ನಿಷ್‌ಗಳಿಗೆ ಸಲ್ಲುತ್ತದೆ. ಎಣ್ಣೆ ತೆಗೆದ ಹಿಂಡಿ ದನಗಳಿಗೆ. ಇದೇ ಗಿಡದ ಎತ್ತರದ ತಳಿಗಳ ಕಾಂಡದ ನಾರಿನಿಂದ ಲಿನನ್ ಬಟ್ಟೆಯಾಗುತ್ತದೆ. ಚಾದರಕ್ಕೆ ಹೆಸರಾದ ಸೊಲ್ಲಾಪುರ ಮಾತ್ರ ಹತ್ತಿಯನ್ನೇ ನಂಬಿತು.

ಇಷ್ಟಾದರೂ ಅಗಸೆ ಹೊಲಗಳಿಂದ ಹಿಂದೆ ಸರಿಯುತ್ತಿದೆ. ದಾವೆಗಳ ನಿಮಿತ್ತ ಹಳೆಯ ಸಾತಬಾರಾ ಉತಾರೆಗಳನ್ನು ಓದುವುದು ನನ್ನ ವೃತ್ತಿಯ ಭಾಗ. ಗಾವ ನಮೂನೆ 12ರಲ್ಲಿ ಮಿಶ್ರ ಬೆಳೆಗೆ ಬೇರೆಯೇ ಅಂಕಣಗಳಿವೆ. ನಾನು ಕಂಡ ಹಳೆಯ ಕಾಗದಗಳಲ್ಲಿ ಜೋಳದ ಜೊತೆಗೆ ಕುಸುಬೆ, ಜವಸ ಎಂಬ ನಮೂದುಗಳು ಬರುತ್ತವೆ. ಈಚಿನವುಗಳಲ್ಲಿ ನೀರಿದ್ದಲ್ಲಿ ಕಬ್ಬು, ಇಲ್ಲದಲ್ಲಿ ತೊಗರಿ, ಸೋಯಾ. ರೈತರನ್ನು ದೂರಲಾಗದು. ಎರಡು ಸಾಲು ಅಗಸೆಯನ್ನು ಕಿತ್ತು, ಒಣಗಿಸಿ, ಬಡಿದು, ತೂರುವ ಕೂಲಿಯೇ ಅದರ ಬೆಲೆಯನ್ನು ಮೀರೀತು. ಆದರೆ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದ ಮಗುವಿಗೆ ತಾನು ದಿನವೂ ತಿನ್ನುವ ಚಟ್ನಿಯ ಗಿಡವನ್ನು ತೋರಿಸಲಾಗದ ಸ್ಥಿತಿ ಬಂದಿರುವುದು ಖೇದದ ಸಂಗತಿಯೇ ಸರಿ.

ಹೊಲದಲ್ಲಿ ಸಾಧ್ಯವಾಗದುದು ಅಂಗಳದಲ್ಲಿ ಸಾಧ್ಯ. ನಮ್ಮ ಕನ್ನಡ ಶಾಲೆಗಳ ಆವರಣದಲ್ಲಿ ಮಂಚದಷ್ಟು ಬಿಸಿಲು ಬೀಳುವ ನೆಲ ಸಿಕ್ಕರೆ ಸಾಕು. ಕಿರಾಣಿ ಅಂಗಡಿಯ ಬೀಜವೂ ನಡೆಯುತ್ತದೆ, ಹುರಿದದ್ದಾಗಿರಬಾರದು ಅಷ್ಟೆ. ಚಿತ್ತಾ ಮಳೆಯ ಹಸಿ ಇರುವಾಗ, ಅಕ್ಟೋಬರ್ ಮುಗಿಯುವುದರೊಳಗೆ, ಒಂದಡಿ ಅಂತರದ ಸಾಲುಗಳಲ್ಲಿ ಬೆರಳ ಗೆಣ್ಣಿನಷ್ಟು ಆಳಕ್ಕೆ ಬಿತ್ತಬೇಕು. ತಡವಾಗಿ ಬಿತ್ತಿದರೆ ಮೊಗ್ಗಿನೊಳಗೆ ಮೊಟ್ಟೆಯಿಡುವ ಸಣ್ಣ ನೊಣದ ಕಾಟ ಹೆಚ್ಚು. ಮೊಗ್ಗು ಅರಳದೆಯೇ ಉಬ್ಬಿ ಕೆಡುತ್ತದೆ. ವಾರದಲ್ಲಿ ಮೊಳಕೆ ಕಾಣುತ್ತದೆ. ಸಸಿಗಳನ್ನು ಕಿತ್ತು ನೆಡುವ ಪದ್ಧತಿ ಇದಕ್ಕೆ ಒಗ್ಗದು. ದಟ್ಟವಾದಲ್ಲಿ ನಾಲ್ಕು ಬೆರಳಿಗೊಂದರಂತೆ ಉಳಿಸಿ ಮಿಕ್ಕವನ್ನು ತೆಗೆದುಹಾಕಬೇಕು. ಮೊದಲ ತಿಂಗಳು ಕಳೆ ಕೀಳುವುದು ಮುಖ್ಯ, ಏಕೆಂದರೆ ಎಳೆಯ ಅಗಸೆ ಕಳೆಯೊಡನೆ ಸೆಣಸಲಾರದು.

ನೀರಿನ ವಿಷಯದಲ್ಲಿ ಮಕ್ಕಳ ಉತ್ಸಾಹಕ್ಕೆ ಕಡಿವಾಣ ಬೇಕು. ಎರೆಮಣ್ಣು ಮೇಲೆ ಒಣಗಿ ಕಂಡರೂ ಒಳಗೆ ಹಸಿ ಹಿಡಿದಿರುತ್ತದೆ. ಈ ಗುಣವನ್ನೇ ಆಧರಿಸಿದ ಒಣಬೇಸಾಯದ ಸಂಶೋಧನೆ 1930ರ ದಶಕದಲ್ಲಿಯೇ ಸೊಲ್ಲಾಪುರ, ವಿಜಯಪುರಗಳಲ್ಲಿ ಆರಂಭವಾಯಿತು. ಹೂ ಬಿಡುವ ಮುಂಚೆ ಒಮ್ಮೆ, ಕಾಯಿ ಕಟ್ಟುವಾಗ ಒಮ್ಮೆ ನೀರುಣಿಸಿದರೆ ಸಾಕು. ಬುಡದಲ್ಲಿ ನೀರು ನಿಂತರೆ ಗಿಡ ಸೊರಗುತ್ತದೆ. ಕುಂಡದಲ್ಲಿ ಬೆಳೆಸುವವರು ಮಾತ್ರ ಮಣ್ಣು ಮುಟ್ಟಿ ನೋಡಿ ಆಗಾಗ ನೀರೆರೆಯಬೇಕು.

ಎರಡು ತಿಂಗಳಿಗೆ ಹೂವು. ಆಮೇಲೆ ಬಟಾಣಿ ಗಾತ್ರದ ದುಂಡುಕಾಯಿಗಳು. ಒಂದೊಂದರಲ್ಲಿ ಹೆಚ್ಚೆಂದರೆ ಹತ್ತು ನುಣುಪಾದ ಬೀಜ. ಹಸಿಯ ಕಾಯಿಯನ್ನಾಗಲಿ, ಹಸಿಯ ಬೀಜವನ್ನು ಹಿಡಿಗಟ್ಟಲೆಯಾಗಲಿ ಮಕ್ಕಳು ತಿನ್ನದಂತೆ ನೋಡಿಕೊಳ್ಳಬೇಕು; ಹುರಿದ ಮೇಲೆಯೇ ಅದು ಆಹಾರ. ಶೇಂಗಾ ಚಟ್ನಿಯ ಕೀರ್ತಿಯ ಮರೆಯಲ್ಲಿ ಅಗಸಿ ಚಟ್ನಿಯ ರುಚಿ ಹೊರಗಿನವರಿಗೆ ತಿಳಿಯದೆ ಹೋಯಿತೆಂಬುದು ನನ್ನ ಅಭಿಪ್ರಾಯ. ಕಡಕ್ ರೊಟ್ಟಿಗೆ ಎರಡನೆಯದೇ ಮೇಲು.

ಫೆಬ್ರುವರಿಯ ಕೊನೆಗೆ ಕಾಯಿಗಳು ಕಂದಾಗಿ, ಅಲುಗಿಸಿದರೆ ಗಲಗಲ ಎನ್ನುತ್ತವೆ. ಗಿಡಗಳನ್ನು ಬೇರುಸಹಿತ ಕಿತ್ತು, ನಾಲ್ಕು ದಿನ ಒಣಗಿಸಿ, ಕೋಲಿನಿಂದ ಬಡಿದು, ಮೊರದಲ್ಲಿ ಕೇರಬೇಕು. ಒಂದು ಹಿಡಿ ಬೀಜವನ್ನು ಮುಂದಿನ ಚಿತ್ತಾ ಮಳೆಗೆಂದು ಎತ್ತಿಟ್ಟು, ಉಳಿದುದನ್ನು ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿಗಳೊಡನೆ ಒರಳಿಗೆ ಹಾಕಬಹುದು.