ಇಲಿಯ ಮೈಯಲ್ಲಿ ಮನುಷ್ಯನ ಕೌದಿ

ಕುಲಾಂತರಿ ಎಂಬ ಪದ ನಮ್ಮ ಕಡೆಯ ರೈತರಿಗೆ ಪರಿಚಯವಾದದ್ದು ಹತ್ತಿಯ ಮೂಲಕ. 1998ರಲ್ಲಿ ರಾಯಚೂರು ಜಿಲ್ಲೆಯ ಹೊಲವೊಂದರಲ್ಲಿ ರೈತಸಂಘದವರು ಬಿಟಿ ಹತ್ತಿಯ ಪ್ರಯೋಗದ ಗಿಡಗಳನ್ನು ಕಿತ್ತು ಸುಟ್ಟಾಗ ಕೂಡ್ಲಿಗಿ, ಕೊಟ್ಟೂರಿನ ಚಹಾದಂಗಡಿಗಳಲ್ಲೂ ಅದೇ ಮಾತು. 2002ರಲ್ಲಿ ಬಿಟಿ ಹತ್ತಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿತು, 2010ರಲ್ಲಿ ಬಿಟಿ ಬದನೆಗೆ ತಡೆ ಬಿತ್ತು. ಈ ಗದ್ದಲದ ನಡುವೆಯೇ ಇನ್ನೊಂದು ಕುಲಾಂತರಿ ಸದ್ದಿಲ್ಲದೆ ಆಸ್ಪತ್ರೆಗಳ ಒಳಗೆ ಬಂದು ಕೂತಿತು. ಅದರ ವಿರುದ್ಧ ಯಾರೂ ಮೆರವಣಿಗೆ ಮಾಡಲಿಲ್ಲ. ಅದು ಇಲಿ.

ಇಲಿಯೆಂದರೆ ನಮಗೆ ಶೇಂಗಾ ಹೊಲದ ಪಿಡುಗು. ಅದು ಬದುವಿನಲ್ಲಿ ಬಿಲ ತೋಡುತ್ತದೆ, ಅದರ ಬೆನ್ನಿಗೇ ಹಾವು ಬರುತ್ತದೆ. ಹಗರಿಬೊಮ್ಮನಹಳ್ಳಿ ಕಡೆಯ ಹೊಲದಲ್ಲಿ ಶೇಂಗಾ ಕೀಳುತ್ತಿದ್ದ ನನ್ನ ಸೋದರಮಾವನಿಗೆ ಕೊಳಕುಮಂಡಲ ಕಡಿದದ್ದು ಹೀಗೆಯೇ. ಆಸ್ಪತ್ರೆಯಲ್ಲಿ ಹತ್ತು ಬಾಟಲಿ ಔಷಧಿ ಏರಿಸಿದರು. ವಿಷ ಇಳಿಯಿತು, ಆದರೆ ಮೈತುಂಬ ದದ್ದು ಎದ್ದು, ಚಳಿ ಹತ್ತಿ ಮಂಚವೇ ಅಲುಗಾಡುವಂತೆ ನಡುಗಿದ. ಅದಕ್ಕೆ ಬೇರೆ ಸೂಜಿ ಕೊಟ್ಟು ಉಳಿಸಿಕೊಂಡರು. ಊರಿಗೆ ಬಂದಮೇಲೆ ಅವನು ಹೇಳಿದ್ದು ಒಂದೇ ಮಾತು: "ನನ್ಗ ಕುದ್ರಿ ರಕ್ತ ಏರ್ಸ್ಯಾರಂತ ನೋಡಪ."

ಮಾತು ಪೂರ್ತಿ ತಪ್ಪಲ್ಲ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚುತ್ತ ಹೋದರೆ ಅದರ ರಕ್ತದಲ್ಲಿ ವಿಷವನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳು ಹುಟ್ಟುತ್ತವೆ. ಅವನ್ನು ಸೋಸಿ ತೆಗೆದದ್ದೇ ನಮ್ಮ ಹಾವಿನ ಔಷಧಿ. ಅದು ಲಕ್ಷಾಂತರ ಜನರ ಜೀವ ಉಳಿಸಿದೆ ಎಂಬುದನ್ನು ಮರೆಯಬಾರದು. ಆದರೆ ಕುದುರೆಯ ಸತ್ವವನ್ನು ನಮ್ಮ ಮೈ ಪರಕೀಯವೆಂದು ಗುರುತಿಸಿ ಕೆರಳುತ್ತದೆ. ಇನ್ನೊಂದು ತೊಡಕೂ ಇದೆ. ಇದಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ಚೆನ್ನೈ ಬಳಿಯ ಇರುಳರ ಸಹಕಾರ ಸಂಘದಿಂದ. ಕೊಳಕುಮಂಡಲದ ವಿಷವೋ ಸೀಮೆಯಿಂದ ಸೀಮೆಗೆ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಮತ್ತವರ ಸಂಗಡಿಗರು ಇದನ್ನು ಮತ್ತೆ ಮತ್ತೆ ತೋರಿಸಿದ್ದಾರೆ.

ಇಲಿಯ ಕಥೆ ಇಲ್ಲಿ ಬರುತ್ತದೆ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಎಂಬಿಬ್ಬರು ಪ್ರತಿಕಾಯ ತಯಾರಿಸುವ ಇಲಿಯ ಜೀವಕೋಶವನ್ನು ಸಾವಿಲ್ಲದ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರು. ಬೇಕಾದ ಒಂದೇ ಬಗೆಯ ಪ್ರತಿಕಾಯ ಎಷ್ಟು ಬೇಕಾದರೂ ಸಿಗುವಂತಾಯಿತು, 1984ರಲ್ಲಿ ನೊಬೆಲ್ ಬಂತು. ಆದರೆ ಇಲಿಯದ್ದೂ ನಮಗೆ ಪರಕೀಯವೇ. ಹಾಗಾಗಿ ಇಲಿಯ ಪ್ರತಿಕಾಯದ ತುದಿಯಷ್ಟನ್ನೇ ಉಳಿಸಿಕೊಂಡು ಮಿಕ್ಕದ್ದಕ್ಕೆ ಮನುಷ್ಯನದನ್ನು ಜೋಡಿಸುವ ಕಸುಬು ಬೆಳೆಯಿತು. ಕ್ಯೂಬಾದ ವಿಜ್ಞಾನಿಗಳು ಹೀಗೆ ರೂಪಿಸಿದ ನಿಮೋಟುಝುಮಾಬ್ ಎಂಬ ಔಷಧಿಯನ್ನು ಬೆಂಗಳೂರಿನ ಬಯೋಕಾನ್ 2006ರಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರಿಗೆಂದು ಮಾರುಕಟ್ಟೆಗೆ ತಂದಿತು. ಗುಟ್ಕಾ, ತಂಬಾಕು ಜಗಿಯುವ ನಮ್ಮ ತಾಲ್ಲೂಕುಗಳಿಗೆ ಆ ರೋಗವನ್ನು ಪರಿಚಯ ಮಾಡಿಕೊಡಬೇಕಿಲ್ಲ.

ಹೀಗೆ ತೇಪೆ ಹಚ್ಚುವುದಕ್ಕಿಂತ ಇಲಿಯೇ ಮನುಷ್ಯನ ಪ್ರತಿಕಾಯ ತಯಾರಿಸಿದರೆ? 1994ರಲ್ಲಿ ಅಮೆರಿಕದ ಎರಡು ತಂಡಗಳು ಅದನ್ನು ಮಾಡಿ ತೋರಿಸಿದವು. ಇದು ತಿಳಿಯಬೇಕಾದರೆ ನಮ್ಮ ಅಜ್ಜಿಯರ ಕೌದಿಯನ್ನು ನೆನೆಯಬೇಕು. ಹಳೆ ಸೀರೆ, ಧೋತರ, ಅಂಗಿಯ ಚೂರುಗಳು ಅವೇ ಆದರೂ ಒಂದು ಕೌದಿಯಂತೆ ಇನ್ನೊಂದು ಇರುವುದಿಲ್ಲ. ಪ್ರತಿಕಾಯದ ವಂಶವಾಹಿಗಳೂ ಚೂರುಗಳಾಗಿಯೇ ಇರುತ್ತವೆ. ಒಂದು ಬಗೆಯ ಚೂರು ನಲವತ್ತರ ಸುಮಾರು, ಮತ್ತೊಂದು ಇಪ್ಪತ್ತಕ್ಕೂ ಹೆಚ್ಚು, ಇನ್ನೊಂದು ಆರು. ಒಂದೊಂದು ಜೀವಕೋಶವೂ ತನಗೆ ಬಂದಂತೆ ಆರಿಸಿ ಹೊಲಿದುಕೊಳ್ಳುತ್ತದೆ. ಎಂದೂ ಕಾಣದ ರೋಗಕ್ಕೂ ಮೈಯಲ್ಲಿ ಮದ್ದು ಹುಟ್ಟುವ ಗುಟ್ಟು ಇದು. ಇದನ್ನು ಬಿಡಿಸಿದ ಜಪಾನಿನ ಸುಸುಮು ತೊನೆಗಾವಾಗೆ 1987ರಲ್ಲಿ ನೊಬೆಲ್ ಸಂದಿತು.

ಮೊದಲ ಇಲಿಗಳಿಗೆ ಕೊಟ್ಟದ್ದು ಮನುಷ್ಯನ ಕೆಲವೇ ಚೂರು. ಚೂರು ಕಡಿಮೆಯಾದರೆ ಕೌದಿಯ ಬಗೆಯೂ ಕಡಿಮೆ. ಮುಂದೆ ಚೂರುಗಳ ಗಂಟನ್ನೇ ಇಲಿಯ ವಂಶವಾಹಿಯಲ್ಲಿ ಅದೇ ಜಾಗಕ್ಕೆ ಕೂರಿಸಿದರು. ಅಂಚು ಮಾತ್ರ ಇಲಿಯದ್ದೇ ಉಳಿಯಿತು, ಯಾಕೆಂದರೆ ಇಲಿಯ ಮೈ ತನ್ನ ಅಂಚನ್ನು ಗುರುತಿಸಿದರೆ ಮಾತ್ರ ಹುರುಪಿನಿಂದ ಕೆಲಸ ಮಾಡುತ್ತದೆ. ಔಷಧಿ ಮಾಡುವಾಗ ಆ ಅಂಚನ್ನೂ ಮನುಷ್ಯನದಕ್ಕೆ ಬದಲಿಸುತ್ತಾರೆ.

ಅದರ ಫಲ ನಮ್ಮ ದೇಶಕ್ಕೂ ಬಂತು. ಕೋವಿಡ್ ಕಾಲದಲ್ಲಿ ಟ್ರಂಪ್ ಪಡೆದರೆಂದು ಸುದ್ದಿಯಾದ ಜೋಡಿ ಪ್ರತಿಕಾಯಗಳನ್ನು ಹುಡುಕಿದ್ದು ಇಂಥ ಇಲಿಗಳಲ್ಲಿ ಮತ್ತು ಚೇತರಿಸಿಕೊಂಡ ರೋಗಿಗಳ ರಕ್ತದಲ್ಲಿ. 2021ರ ಮೇ ತಿಂಗಳಲ್ಲಿ ಅದು ಭಾರತಕ್ಕೆ ಬಂದಾಗ ಒಬ್ಬ ರೋಗಿಯ ಡೋಸಿಗೆ ಬೆಲೆ 59,750 ರೂಪಾಯಿ. ಕೂಡ್ಲಿಗಿಯ ಕೂಲಿಕಾರನೊಬ್ಬ ಇದನ್ನು ಎಷ್ಟು ದಿನ ದುಡಿದು ತೀರಿಸಬೇಕೆಂದು ಓದುಗರೇ ಲೆಕ್ಕ ಹಾಕಲಿ. ಹತ್ತಿಯಲ್ಲೂ ನನ್ನ ತಕರಾರು ಇದ್ದದ್ದು ಬೀಜದ ಬೆಲೆಯ ಬಗ್ಗೆ, ಅದರ ಒಡೆತನದ ಬಗ್ಗೆ. ಇಲಿಯ ವಿಷಯದಲ್ಲೂ ಅಷ್ಟೆ. ವಂಶವಾಹಿ ಮುಟ್ಟಿದರೆಂದು ನಾನು ಬೆಚ್ಚುವುದಿಲ್ಲ. ಕುದುರೆ ಔಷಧಿಯ ಕಸುವು ಅಳೆಯಲಿಕ್ಕೂ ಇಲಿಗಳಿಗೇ ವಿಷ ಚುಚ್ಚುತ್ತಾರೆ. ಪಾಪದ ಪ್ರಾಣಿಗೆ ಹೊಲದಲ್ಲೂ ಸಾವು, ಪ್ರಯೋಗಶಾಲೆಯಲ್ಲೂ ಸಾವು.

ಹಾವು ಕಡಿತದಿಂದ 2000ದಿಂದ 2019ರವರೆಗೆ ಭಾರತದಲ್ಲಿ ಹನ್ನೆರಡು ಲಕ್ಷ ಜನ ಸತ್ತರೆಂಬುದು ಒಂದು ಅಂದಾಜು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದಿತು. ಹರಪನಹಳ್ಳಿಯವರ ಪಾಡು ಬೇರೆಯೇ. 1997ರಲ್ಲಿ ದಾವಣಗೆರೆಗೆ ಹೋದ ತಾಲ್ಲೂಕು ಮತ್ತೆ ಬಳ್ಳಾರಿಗೆ ಬಂದು 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ದೊಡ್ಡಾಸ್ಪತ್ರೆ ಯಾವ ದಿಕ್ಕಿಗೆ ಎಂಬುದೇ ಅಲ್ಲಿ ಮೊದಲ ಪ್ರಶ್ನೆ.

ಅದೇ 2024ರ ಫೆಬ್ರುವರಿಯಲ್ಲಿ ಸುನಗರ್ ಅವರ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರೊಂದಿಗೆ ಮನುಷ್ಯ ಪ್ರತಿಕಾಯವೊಂದನ್ನು ಪ್ರಕಟಿಸಿತು. ಅದು ಸಿಕ್ಕಿದ್ದು ಇಲಿಯ ಮೈಯಲ್ಲಲ್ಲ. ಸಾವಿರಾರು ಕೋಟಿ ಮನುಷ್ಯ ಪ್ರತಿಕಾಯಗಳನ್ನು ಯೀಸ್ಟಿನ ಮೇಲೆ ಹರವಿ ಸೋಸಿದಾಗ ಸಿಕ್ಕಿತು. ಕೌದಿಯ ಗಂಟು ದೊಡ್ಡದಿದ್ದಷ್ಟೂ ಲಾಭವೆಂಬ ಲೆಕ್ಕ ಅಲ್ಲೂ ಒಂದೇ. ನಾಗರಹಾವು, ಕಾಳಿಂಗ ಸರ್ಪ ಮುಂತಾದವುಗಳ ನರವಿಷದ ಒಂದು ಮುಖ್ಯ ಅಂಶವನ್ನು ಅದು ತಡೆಯುತ್ತದೆ. ವಿಷ ಚುಚ್ಚಿ ಇಪ್ಪತ್ತು ನಿಮಿಷದ ನಂತರ ಕೊಟ್ಟರೂ ಇಲಿಗಳು ಬದುಕಿದವು. ಮಾವನನ್ನು ಕಡಿದ ಕೊಳಕುಮಂಡಲದ ವಿಷ ಹೆಪ್ಪು ಕೆಡಿಸುವಂಥದ್ದು, ಅದಕ್ಕೆ ಈ ಪ್ರತಿಕಾಯ ನಾಟುವುದಿಲ್ಲ. ಶೇಂಗಾ ಕೀಳುವವರಿಗೆ, ನಸುಕಿನಲ್ಲಿ ಹಡಗಲಿಯ ಮಲ್ಲಿಗೆ ಬಿಡಿಸುವ ಹೆಣ್ಣುಮಕ್ಕಳಿಗೆ ಸದ್ಯಕ್ಕೆ ಕುದುರೆಯ ಔಷಧಿಯೇ ಗತಿ. ಅದು ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುತ್ತದೆ.