ಮೇಷ್ಟ್ರ ಬಾಯಲ್ಲಿ ಮೂಳೆಯ ಬೂದಿ

ಮೂಗು ಮುಚ್ಚಿಕೊಂಡೇ ಮೆಟ್ಟಿಲು ಹತ್ತಿ. ಕಲ್ಕತ್ತದ ಅಪ್ಪರ್ ಸರ್ಕ್ಯುಲರ್ ರಸ್ತೆಯ 91ನೇ ನಂಬರಿನ ಮನೆ ಇದು. 1890ರ ದಶಕದ ಒಂದು ಜನವರಿ. ತಾರಸಿಗೆ ಬಂದರೆ ಕಾಲಿಡಲು ಜಾಗವಿಲ್ಲ, ಎಲ್ಲೆಲ್ಲೂ ದನದ ಮೂಳೆ. ರಾಜಾಬಜಾರಿನ ಕಸಾಯಿಗಳಿಂದ ಮೂಟೆಗಟ್ಟಲೆ ತಂದು, ಚಳಿಗಾಲದ ಬಿಸಿಲಿಗೆ ಒಣಗಲಿ ಎಂದು ಹರವಿದ್ದು. ಜನವರಿಯಲ್ಲಿ ಇಲ್ಲಿ ಮಳೆ ಅಪರೂಪ. ಈ ಸಲ ಹಿಡಿದದ್ದು ಬಿಟ್ಟೇ ಇಲ್ಲ. ಮೂಳೆಗೆ ಅಂಟಿಕೊಂಡ ಮಾಂಸದ ಚೂರುಗಳು ಕೊಳೆತು ಹುಳ ಮಿಜಿಗುಡುತ್ತಿವೆ. ಸುದ್ದಿ ಕಾಗೆಗಳಿಗೆ ಮುಟ್ಟಿದೆ. ಕೊಕ್ಕಿಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹಾರುತ್ತವೆ, ಹಾರುತ್ತ ಅರ್ಧವನ್ನು ಪಕ್ಕದ ಮನೆಗಳಲ್ಲಿ ಉದುರಿಸುತ್ತವೆ. ಆ ಮನೆಗಳವರು ಮಡಿವಂತ ಹಿಂದೂಗಳು. ಕೆಳಗೆ ಬೀದಿಯಲ್ಲಿ ಏರಿದ ದನಿ ಕೇಳುತ್ತಿದೆಯಲ್ಲ, ಮೂಳೆ ತೆಗೆಸದಿದ್ದರೆ ಮುನಿಸಿಪಾಲಿಟಿಗೆ ದೂರು ಕೊಡುತ್ತಾರಂತೆ.

ನಿಮ್ಮ ಪಕ್ಕದಲ್ಲಿ ತಲೆ ಕೆರೆದುಕೊಳ್ಳುತ್ತಾ ನಿಂತಿರುವ ಸಣಕಲು ದೇಹದವರೇ ಇದಕ್ಕೆಲ್ಲ ಕಾರಣ. ಪ್ರಫುಲ್ಲಚಂದ್ರ ರಾಯ್. ಎಡಿನ್‌ಬರೋದಲ್ಲಿ ರಸಾಯನಶಾಸ್ತ್ರಜ್ಞ ಕ್ರಮ್ ಬ್ರೌನ್ ಬಳಿ ಕಲಿತು 1887ರಲ್ಲಿ ಡಿ.ಎಸ್ಸಿ. ಪಡೆದು ಬಂದವರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಸಹಾಯಕ ಪ್ರಾಧ್ಯಾಪಕರು. 1889ರಲ್ಲಿ ಸೇರಿದಾಗ ತಿಂಗಳಿಗೆ 250 ರೂಪಾಯಿ. ಇದೇ ಅರ್ಹತೆಯ ಯುರೋಪಿಯನ್ನನಿಗಾದರೆ ದರವೇ ಬೇರೆ. ಅದಕ್ಕೂ ಮೊದಲು, ಊರಿಗೆ ಮರಳಿದ ಮೇಲೆ ಸುಮಾರು ಒಂದು ವರ್ಷ ಕೆಲಸವಿಲ್ಲದೆ ಗೆಳೆಯ ಜಗದೀಶಚಂದ್ರ ಬೋಸರ ಮನೆಯಲ್ಲಿ ಇದ್ದರು.

ಇಂಥವರಿಗೆ ಮೂಳೆಯ ಗೊಡವೆ ಏಕೆ? ಸೋಡಿಯಂ ಫಾಸ್ಫೇಟ್‌ಗಾಗಿ. ಔಷಧದ ಅಂಗಡಿಗಳಿಗೆ ಬೇಕಾದದ್ದೆಲ್ಲ ಹಡಗಿನಲ್ಲಿ ವಿಲಾಯತಿಯಿಂದ ಬರುತ್ತಿದೆ, ಅದರ ಕಚ್ಚಾಮಾಲು ಮಾತ್ರ ನಮ್ಮ ತಿಪ್ಪೆಯಲ್ಲೇ ಬಿದ್ದಿದೆ ಎಂಬುದು ರಾಯರ ಸಂಕಟ. ಮೂಳೆ ಸುಟ್ಟರೆ ಬಿಳಿ ಬೂದಿ ಉಳಿಯುತ್ತದೆ. ಅದು ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್. ಗಂಧಕಾಮ್ಲ ಹಾಕಿದರೆ ಸೂಪರ್ ಫಾಸ್ಫೇಟ್, ಅದಕ್ಕೆ ಸೋಡಾ ಬೆರೆಸಿದರೆ ಸೋಡಿಯಂ ಫಾಸ್ಫೇಟ್. ಕಾಗದದ ಮೇಲೆ ಎರಡು ಸಾಲು. ತಾರಸಿಯ ಮೇಲೆ ಕಾಗೆ, ಹುಳ, ನೆರೆಯವರ ಬೈಗುಳ.

ಮಾಣಿಕ್‌ತಲಾ ಕಡೆ ನೈಟ್ರಿಕ್ ಆಮ್ಲ ತಯಾರಿಸುವ ಒಬ್ಬರು ಆಪದ್ಬಾಂಧವರಂತೆ ಜಾಗ ಕೊಡುತ್ತಾರೆ. ರಾತ್ರಿ ಹೊತ್ತಿನಲ್ಲಿ ಮೂಳೆಯನ್ನು ಸಾಗಿಸಿ ರಾಶಿ ಹಾಕಿ ಬೆಂಕಿ ಇಡುತ್ತಾರೆ. ಉರಿ ಮೇಲೆದ್ದಿದ್ದೇ ತಡ, ಬೀಟಿನ ಪೊಲೀಸಿನವನು ಹಾಜರು. ನಡುರಾತ್ರಿ, ಊರಾಚೆ, ಮೂಳೆ ಸುಡುವ ನಾತ. ಯಾರನ್ನೋ ಕೊಂದು ಹೆಣ ಸುಡುತ್ತಿದ್ದಾರೆ ಎಂದಲ್ಲದೆ ಇನ್ನೇನು ಅಂದುಕೊಂಡಾನು? ಕೆದಕಿ ನೋಡಿದರೆ ದನದ ಮೂಳೆ.

ಕೆಳಗಿಳಿದು ಬನ್ನಿ. 1892ರಲ್ಲಿ ಏಳೆಂಟು ನೂರು ರೂಪಾಯಿ ಬಂಡವಾಳದಲ್ಲಿ ಇದೇ ಮನೆಯಲ್ಲಿ ಶುರುವಾದ ಕಾರ್ಖಾನೆ, ಬೆಂಗಾಲ್ ಕೆಮಿಕಲ್ ವರ್ಕ್ಸ್. ಒಂದು ಕೋಣೆಯಲ್ಲಿ ಬಾಟಲಿ, ಇನ್ನೊಂದರಲ್ಲಿ ಕಷಾಯ, ಸಿರಪ್ಪು. ಸಂಜೆ ಕಾಲೇಜಿನಿಂದ ಬಂದ ಪ್ರೊಫೆಸರ್ ಅಂಗಿಯ ತೋಳು ಮಡಚಿ ಇಲ್ಲೇ ನಿಲ್ಲುತ್ತಾರೆ. ಡಾಕ್ಟರ್ ಅಮೂಲ್ಯಚರಣ ಬೋಸ್ ಇವರ ಔಷಧವನ್ನು ತಾವೂ ಬರೆದುಕೊಟ್ಟು, ಬೇರೆ ವೈದ್ಯರೂ ಬರೆಯುವಂತೆ ಮಾಡುತ್ತಾರೆ. ಸತೀಶಚಂದ್ರ ಸಿಂಹ ಎಂಬ ತರುಣ ರಸಾಯನಶಾಸ್ತ್ರ ಓದಿ ಬಂದು ಸೇರಿಕೊಳ್ಳುತ್ತಾನೆ. ಕೆಲವೇ ಕಾಲ, ಕೆಲಸದ ನಡುವೆ ಪ್ರಸಿಕ್ ಆಮ್ಲದ ವಿಷವೇರಿ ಸಾಯುತ್ತಾನೆ. 1898ರಲ್ಲಿ ಅಮೂಲ್ಯಚರಣರನ್ನು ಪ್ಲೇಗು ಒಯ್ಯುತ್ತದೆ. ಬೆಂಗಾಲ್ ಕೆಮಿಕಲ್‌ನ ಕಥೆಯನ್ನು ಸ್ವದೇಶಿಯ ಜಯಭೇರಿಯಾಗಿ ಹೇಳುವವರು ಈ ಎರಡು ಸಾವುಗಳನ್ನು ಬೇಗ ದಾಟಿಬಿಡುತ್ತಾರೆ. ರಾಯರು ದಾಟಲಿಲ್ಲ, ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟರು.

ಈಗ ಕಾಲೇಜ್ ಸ್ಟ್ರೀಟಿಗೆ ನಡೆಯಿರಿ. ಪ್ರೆಸಿಡೆನ್ಸಿ ಕಾಲೇಜು, ರಸಾಯನಶಾಸ್ತ್ರದ ತರಗತಿ. ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಧೋತಿ ಉಟ್ಟ ಹುಡುಗರು, ಮುಕ್ಕಾಲು ಪಾಲು ಮನೆಯಲ್ಲಿ ಸಂಧ್ಯಾವಂದನೆ ಮುಗಿಸಿ ಬಂದವರು. ಮೇಜಿನ ಮೇಲೆ ಗಾಜಿನ ಕೊಳವೆ, ದೀಪ, ಒಂದು ತಟ್ಟೆಯಲ್ಲಿ ಬಿಳಿಪುಡಿ. ರಾಯರು ವಿವರಿಸುತ್ತಿದ್ದಾರೆ: ಇದು ಮೂಳೆಯ ಬೂದಿ. ಬೆಂಕಿಯಲ್ಲಿ ಪ್ರಾಣಿಯ ಅಂಶವೆಲ್ಲ ಹೋಯಿತು. ಯಾವ ಪ್ರಾಣಿಯದು ಎಂಬ ಗುರುತೂ ಹೋಯಿತು. ಉಳಿದದ್ದು ಒಂದು ರಾಸಾಯನಿಕ ವಸ್ತು, ಅಷ್ಟೆ. ಹೀಗೆನ್ನುತ್ತಲೇ ಒಂದು ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡು ನುಂಗಿಬಿಡುತ್ತಾರೆ. ನೀವೂ ತಿನ್ನಿ ಎಂದು ತಟ್ಟೆಯನ್ನು ಹುಡುಗರ ಕಡೆ ಸರಿಸುತ್ತಾರೆ. ಯಾರ ಕೈ ಮುಂದೆ ಬರುತ್ತದೆ, ಯಾರ ಕೈ ಬೆಂಚಿನ ಕೆಳಗೆ ಅಡಗುತ್ತದೆ, ನೋಡುತ್ತಿರಿ. ಮುಂದೆ ಬಂದ ಕೈಗಳೂ ಇದ್ದವು.

ಪಂಡಿತರೊಂದಿಗೆ ಶಾಸ್ತ್ರಚರ್ಚೆಗೆ ಕೂತಿದ್ದರೆ ವರ್ಷಗಟ್ಟಲೆ ಹಿಡಿಯುತ್ತಿದ್ದ ವಾದವನ್ನು ರಾಯರು ಒಂದು ಚಿಟಿಕೆಯಲ್ಲಿ ಮುಗಿಸಿದ್ದಾರೆ. ಶುದ್ಧ ಯಾವುದು, ಅಶುದ್ಧ ಯಾವುದು ಎಂಬುದನ್ನು ಇನ್ನು ತಕ್ಕಡಿ ಮತ್ತು ಬೆಂಕಿ ಹೇಳಲಿ ಎಂಬುದು ಅವರ ನಿಲುವು. ನನ್ನ ಮಟ್ಟಿಗೆ ಅವರ ಪ್ರಬಂಧಗಳೆಲ್ಲಕ್ಕಿಂತ ದೊಡ್ಡ ಪ್ರಯೋಗ ಇದೇ. ಕಲಬೆರಕೆಯ ವಿಷಯದಲ್ಲೂ ಅವರದು ಇದೇ ಹಟ. ಕಲ್ಕತ್ತದ ತುಪ್ಪ, ಸಾಸಿವೆ ಎಣ್ಣೆಗಳನ್ನು ಪರೀಕ್ಷಿಸಲು ಹೊರಟಾಗ ಅಂಗಡಿಯವನ ಮಾತನ್ನು ನಂಬದೆ, ತಮ್ಮ ಕಣ್ಣೆದುರೇ ಎಣ್ಣೆ ತೆಗೆಸಿ, ಬೆಣ್ಣೆ ಕಡೆಸಿ, ಅದನ್ನು ಮಾದರಿಯಾಗಿಟ್ಟುಕೊಂಡರು. ಫಲಿತಾಂಶ ಪ್ರಕಟವಾದದ್ದು 1894ರಲ್ಲಿ.

ಪ್ರಯೋಗಾಲಯಕ್ಕೆ ಬನ್ನಿ. 1895. ಪಾತ್ರೆಯಲ್ಲಿ ಪಾದರಸ, ಮೇಲೆ ನೀರು ಬೆರೆಸಿದ ತಣ್ಣನೆಯ ನೈಟ್ರಿಕ್ ಆಮ್ಲ. ರಾಯರಿಗೆ ಬೇಕಾದದ್ದು ಮರ್ಕ್ಯುರಸ್ ನೈಟ್ರೇಟ್. ಬಂದದ್ದು ಬೇರೆ: ಪಾದರಸದ ಮೇಲೆ ಹಳದಿ ಹರಳುಗಳ ಪದರ. ಯಾವುದೋ ಕ್ಷಾರೀಯ ಲವಣವಿರಬೇಕು ಎಂದುಕೊಂಡು ಮುಂದೆ ಹೋಗಬಹುದಿತ್ತು. ಆದರೆ ಇದು ಹುಟ್ಟಿರುವುದು ಆಮ್ಲದ ನಡುವೆ, ಅಲ್ಲಿ ಅಂಥ ಲವಣ ಏಕಿರುತ್ತದೆ? ತೂಗಿದರು, ಬಿಡಿಸಿದರು, ಮತ್ತೆ ತೂಗಿದರು. ಮರ್ಕ್ಯುರಸ್ ನೈಟ್ರೈಟ್. ಅಲ್ಲಿಂದ ಮುಂದೆ ನೈಟ್ರೈಟುಗಳ ಬೆನ್ನು ಬಿದ್ದು ವರ್ಷಗಟ್ಟಲೆ ನಡೆದರು. ಸುಲಭವಾಗಿ ಒಡೆದುಹೋಗುವ ಅಮೋನಿಯಂ ನೈಟ್ರೈಟನ್ನು ಹಿಡಿದು ಆವಿಯಾಗಿಯೂ ಅಳೆದು, 1912ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯಲ್ಲಿ ಓದಿದರು. ನಡುವೆ ಪ್ಯಾರಿಸಿನ ರಸಾಯನಶಾಸ್ತ್ರಜ್ಞ ಬರ್ತಲೋ ಜೊತೆ ಪತ್ರವ್ಯವಹಾರ, ಸಂಸ್ಕೃತ ಹಸ್ತಪ್ರತಿಗಳ ಬೇಟೆ, 1902ರಲ್ಲಿ ಹಿಂದೂ ರಸಾಯನಶಾಸ್ತ್ರದ ಇತಿಹಾಸದ ಮೊದಲ ಸಂಪುಟ. ಜಾತಿ ಕಟ್ಟು ಬಿಗಿಯಾಗಿ, ಕೈಯಿಂದ ಮಾಡುವವನಿಂದ ತಲೆಯಿಂದ ಯೋಚಿಸುವವನು ದೂರವಾದದ್ದರಿಂದಲೇ ಈ ದೇಶದಲ್ಲಿ ವಿಜ್ಞಾನ ಸೊರಗಿತು ಎಂದು ಅದರಲ್ಲಿ ವಾದಿಸಿದವರು ಕಸಾಯಿಖಾನೆಯ ಮೂಟೆಗೆ ತಾವೇ ಕೈ ಹಾಕಿದವರು ಎಂಬುದು ನೆನಪಿರಲಿ.

1916 ಬಂತು. ಪ್ರೆಸಿಡೆನ್ಸಿಯಿಂದ ನಿವೃತ್ತಿ. ಕಲ್ಕತ್ತ ವಿಶ್ವವಿದ್ಯಾಲಯದ ಆಶುತೋಷ ಮುಖರ್ಜಿ ಅವರನ್ನು ಬಿಡಲಿಲ್ಲ. ಅಪ್ಪರ್ ಸರ್ಕ್ಯುಲರ್ ರಸ್ತೆಯ 92ನೇ ನಂಬರಿನಲ್ಲಿ ಹೊಸ ಸೈನ್ಸ್ ಕಾಲೇಜು, ಅಲ್ಲಿ ಪಾಲಿತ್ ದತ್ತಿಯ ಪೀಠದಲ್ಲಿ ರಸಾಯನಶಾಸ್ತ್ರದ ಮೊದಲ ಪ್ರಾಧ್ಯಾಪಕ. ಭೌತಶಾಸ್ತ್ರದ ಪಾಲಿತ್ ಪೀಠಕ್ಕೆ ಬಂದವರು ಸಿ.ವಿ. ರಾಮನ್. ಇಲ್ಲಿ ರಾಯರ ಮನೆ ಯಾವುದೆಂದು ಕೇಳಬೇಡಿ. ಮದುವೆಯಾಗದ ಅವರು ಕಾಲೇಜಿನ ಕಟ್ಟಡದ ಒಂದು ಕೋಣೆಯಲ್ಲೇ ಇದ್ದಾರೆ. ಅಲ್ಲಿ ಜಾಸ್ತಿ ಸಾಮಾನಿಲ್ಲ, ಪುಸ್ತಕವಿದೆ. ಹುಡುಗನಾಗಿದ್ದಾಗ ಹಿಡಿದ ಹೊಟ್ಟೆಬೇನೆ ಬಿಟ್ಟಿಲ್ಲ, ಊಟ ತೂಗಿ ಅಳೆದು. 1921ರಲ್ಲಿ ಅರವತ್ತು ತುಂಬಿದಾಗ, ಇನ್ನು ಮುಂದಿನ ಸಂಬಳವೆಲ್ಲ ವಿಶ್ವವಿದ್ಯಾಲಯಕ್ಕೇ ಇರಲಿ ಎಂದು ಬರೆದುಕೊಟ್ಟರು. ಶಿಷ್ಯರ ಸಾಲು ಉದ್ದ: ನೀಲರತನ ಧರ್, ಜ್ಞಾನೇಂದ್ರನಾಥ ಮುಖರ್ಜಿ, ಜ್ಞಾನಚಂದ್ರ ಘೋಷ್. ಈ ಘೋಷರೇ 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದವರು. ಅಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆದದ್ದು ಅವರ ಕಾಲದಲ್ಲೇ.

ಒಂದೇ ಒಂದು ದಿನ ಇನ್ನೂ ನೋಡಿಕೊಂಡು ಹೋಗಿ. 1922, ಉತ್ತರ ಬಂಗಾಳದಲ್ಲಿ ನೆರೆ. ಸೈನ್ಸ್ ಕಾಲೇಜಿನ ಒಳಗೆ ಕಾಲಿಟ್ಟರೆ ದಾರಿ ತುಂಬ ಬಟ್ಟೆಯ ಗಂಟು. ಪರಿಹಾರ ಸಮಿತಿಯ ಕಚೇರಿ ಇಲ್ಲೇ, ರಾಯರೇ ಅದರ ಮುಖ್ಯಸ್ಥರು. ಹುಡುಗರು ಗಂಟು ಬಿಚ್ಚುತ್ತಾರೆ, ವಿಂಗಡಿಸುತ್ತಾರೆ, ಮತ್ತೆ ಕಟ್ಟುತ್ತಾರೆ. ಸರ್ಕಾರ ಕೊಟ್ಟ 'ಸರ್' ಪದವಿ ಬಂದು ಮೂರು ವರ್ಷವಾಗಿದೆ, ಆದರೆ ಸರ್ಕಾರ ನೆರೆಪೀಡಿತರಿಗೆ ಮಾಡಿದ್ದು ಸಾಲದು ಎಂದು ಹೇಳುವುದಕ್ಕೆ ಅವರಿಗೆ ಅದು ಅಡ್ಡಿಯಾಗಿಲ್ಲ. ದಾರಿ ಬಿಡಿ, ಇನ್ನೊಂದು ಗಾಡಿ ಬಂತು. ಕೈ ಖಾಲಿಯಿದ್ದರೆ ನೀವೂ ಒಂದು ಮೂಟೆಗೆ ಹೆಗಲು ಕೊಡಿ, ಇಲ್ಲಿ ಸುಮ್ಮನೆ ನಿಂತವರನ್ನು ಕಂಡರೆ ಮುದುಕರಿಗೆ ಆಗುವುದಿಲ್ಲ.